ಬೆವರು ಹರಿಸುವುದು ಸುಲಭ, ಬಲ ಬೆಳೆಸಲು ಲೆಕ್ಕ ಬೇಕು

ಪ್ರಶ್ನೆ: ನಾನು ದಾವಣಗೆರೆಯ ಒಂದು ಜಿಮ್‌ನಲ್ಲಿ ಎರಡು ವರ್ಷದಿಂದ ಪರ್ಸನಲ್ ಟ್ರೈನರ್ ಆಗಿದ್ದೀನಿ. ಬೆಳಗ್ಗೆ, ಸಂಜೆ ಸೇರಿ ಹನ್ನೆರಡು ಜನ ನನ್ನ ಹತ್ರ ಪಿಟಿ (ಪರ್ಸನಲ್ ಟ್ರೈನಿಂಗ್) ತಗೊಂಡಿದ್ದಾರೆ. ಅವರಿಗೆ ಬೇಜಾರಾಗಬಾರದು ಅಂತ ದಿನಾ ಹೊಸ ಹೊಸ ವ್ಯಾಯಾಮ ಕೊಡ್ತೀನಿ. ಚೆನ್ನಾಗಿ ಬೆವರು ಇಳೀಬೇಕು, ಮಾರನೇ ದಿನ ಮೈ ಹಿಡ್ಕೋಬೇಕು, ಆಗಲೇ ಕೊಟ್ಟ ದುಡ್ಡಿಗೆ ಸಮ ಅನ್ಸುತ್ತೆ ಅಂತ ಓನರ್ ಹೇಳ್ತಾರೆ. ಆದ್ರೂ ಎರಡು ಮೂರು ತಿಂಗಳಿಗೆ 'ಏನೂ ಡಿಫರೆನ್ಸ್ ಕಾಣ್ತಿಲ್ಲ' ಅಂತ ಬಿಟ್ಟು ಹೋಗ್ತಾರೆ. ತೂಕ ಯಾವಾಗ, ಎಷ್ಟು ಏರಿಸಬೇಕು? ಫಾರ್ಮ್, ಅಂದ್ರೆ ವ್ಯಾಯಾಮ ಮಾಡೋ ಭಂಗಿ, ಎಷ್ಟರ ಮಟ್ಟಿಗೆ ತಿದ್ದಬೇಕು? ಈಗ 58 ವರ್ಷದವರೊಬ್ಬರು ಸೇರಿದ್ದಾರೆ. ಬಿಪಿ ಮಾತ್ರೆ ತಗೊಳ್ತಾರೆ, ಮಂಡಿ ನೋವೂ ಇದೆ. ಅವರ ಕೈಲಿ ತೂಕ ಎತ್ತಿಸೋಕೆ ಭಯ ಆಗುತ್ತೆ. ನನ್ನ ಹತ್ರ ಹೇಳಿಕೊಳ್ಳುವಂಥ ಸರ್ಟಿಫಿಕೇಟ್ ಇಲ್ಲ, ಕೋರ್ಸ್ ಮಾಡಬೇಕಾ?
ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಮೊದಲು ದಿನಾ ಹೊಸ ವ್ಯಾಯಾಮ ಕೊಡುವುದನ್ನು ನಿಲ್ಲಿಸಿ. ನಿಮ್ಮ ಉಳಿದ ಪ್ರಶ್ನೆಗಳ ಗಂಟು ಇರುವುದೂ ಅಲ್ಲೇ.

ಮೈ ಹಿಡಿದುಕೊಳ್ಳುವುದು ಯಾವಾಗ ಎಂದು ಗಮನಿಸಿದ್ದೀರಾ? ಸ್ನಾಯುವಿಗೆ ರೂಢಿಯಿಲ್ಲದ ಕೆಲಸ ಬಿದ್ದಾಗ, ಅದರಲ್ಲೂ ತೂಕವನ್ನು ತಡೆದು ತಡೆದು ಕೆಳಗಿಳಿಸುವ ಕೆಲಸ ಬಿದ್ದಾಗ. ಅದೇ ಕೆಲಸವನ್ನು ಮುಂದಿನ ವಾರ ಮತ್ತೆ ಮಾಡಿಸಿದರೆ ನೋವು ಎಷ್ಟೋ ಕಡಿಮೆಯಾಗಿರುತ್ತದೆ, ಸ್ನಾಯು ಅಷ್ಟು ಬೇಗ ಒಗ್ಗಿಕೊಳ್ಳುತ್ತದೆ. ಹಾಗಾಗಿ ಆ ನೋವಿನಿಂದ ನಿಮಗೆ ತಿಳಿಯುವುದು ಇಷ್ಟೇ: ಈ ಕೆಲಸ ಅವರಿಗೆ ಹೊಸದು. ದಿನಾ ವ್ಯಾಯಾಮ ಬದಲಿಸಿದರೆ ದಿನಾ ನೋವು ಸಿಗುತ್ತದೆ, ಓನರ್‌ಗೂ ಸಮಾಧಾನ, ಕಸ್ಟಮರ್‌ಗೂ ಒಂದಷ್ಟು ದಿನ ಸಮಾಧಾನ. ಆದರೆ ಮೂರು ತಿಂಗಳಾದ ಮೇಲೆ 'ಮೊದಲ ವಾರ ಇವರು ಎಷ್ಟು ಎತ್ತುತ್ತಿದ್ದರು, ಈಗ ಎಷ್ಟು ಎತ್ತುತ್ತಾರೆ' ಎಂದು ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಹೋಲಿಸಿ ನೋಡಲು ಒಂದೇ ವ್ಯಾಯಾಮ ಎರಡು ವಾರ ಸತತವಾಗಿ ಬಂದೇ ಇಲ್ಲವಲ್ಲ. ಬೆವರಿನ ಕಥೆಯೂ ಅಷ್ಟೇ. ಬೆವರು ಮೈ ತಂಪು ಮಾಡಿಕೊಳ್ಳುವ ದಾರಿ. ನಮ್ಮೂರ ಏಪ್ರಿಲ್‌ನಲ್ಲಿ ಸುಮ್ಮನೆ ಕೂತವರಿಗೂ ಬರುತ್ತದೆ.

ದೇಹ ತನ್ನ ಮೇಲೆ ಬಿದ್ದ ಹೊರೆಗೆ ಸಾಲುವಷ್ಟು ಮಾತ್ರ ಬಲ ಬೆಳೆಸಿಕೊಳ್ಳುತ್ತದೆ. ಎಪಿಎಂಸಿ ಯಾರ್ಡ್‌ನಲ್ಲಿ ಮೆಕ್ಕೆಜೋಳದ ಚೀಲ ಹೊರುವವರನ್ನು ನೋಡಿ. ಹೊಸದಾಗಿ ಸೇರಿದ ಹುಡುಗ ಮೊದಮೊದಲು ಒದ್ದಾಡುತ್ತಾನೆ, ಕೆಲವು ವಾರಕ್ಕೆ ಸಲೀಸಾಗಿ ಹೊರುತ್ತಾನೆ. ಅಲ್ಲಿಂದ ಮುಂದೆ ದಿನಕ್ಕೆ ಇನ್ನಷ್ಟು ಚೀಲ ಹೊರುವ ತಾಳಿಕೆ ಬರುತ್ತದೆಯೇ ಹೊರತು ಬಲ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗುವುದಿಲ್ಲ, ಏಕೆಂದರೆ ಚೀಲದ ತೂಕ ಬದಲಾಗುವುದಿಲ್ಲ. ಜಿಮ್‌ನಲ್ಲಿ ಮೂರು ವರ್ಷದಿಂದ ಅದೇ 10 ಕೆಜಿ ಡಂಬಲ್ಸ್ ಹಿಡಿದು ನಿಂತಿರುವವರ ಸ್ಥಿತಿಯೂ ಇದೇ. ನಮ್ಮ ಗರಡಿ ಮನೆಗಳಲ್ಲಿ ಇದರ ಅರಿವು ಚೆನ್ನಾಗಿಯೇ ಇತ್ತು. ದಂಡ, ಬಸ್ಕಿಯ ಲೆಕ್ಕ ಏರಿಸುತ್ತಾ ಹೋಗುವುದು ದಮ್ಮಿಗೆ. ಕಲ್ಲುಗುಂಡು, ಭಾರದ ಗದೆ ಬಲಕ್ಕೆ. ದುಗ್ಗಮ್ಮನ ಜಾತ್ರೆಯ ಕುಸ್ತಿ ಕಣಕ್ಕೆ ಇಳಿಯುವ ಪೈಲ್ವಾನರಿಗೆ ಎರಡೂ ಬೇಕು, ಒಂದರಿಂದ ಇನ್ನೊಂದು ತಾನಾಗಿ ಬರುವುದಿಲ್ಲ. ಯಾವುದನ್ನು ಅಭ್ಯಾಸ ಮಾಡಿಸುತ್ತೀರೋ ಅದೇ ಬೆಳೆಯುತ್ತದೆ.

ಇದನ್ನು ಅಂಕಿಗಳಲ್ಲಿ ಕಟ್ಟಿಕೊಟ್ಟವರು ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೇನಾ ವೈದ್ಯರು. ಎರಡನೇ ಮಹಾಯುದ್ಧದ ಕಾಲದಲ್ಲಿ ಷಿಕಾಗೋದ ಗಾರ್ಡಿನರ್ ಸೇನಾ ಆಸ್ಪತ್ರೆಯಲ್ಲಿ ಕಾಲಿಗೆ ಪೆಟ್ಟು ಬಿದ್ದ ಸೈನಿಕರು ತುಂಬಿದ್ದರು. ಹಗುರ ತೂಕವನ್ನು ತುಂಬಾ ಸಲ ಎತ್ತಿಸುವುದು ಆಗಿನ ರೂಢಿ. ಡಿಲಾರ್ಮ್ ತೂಕ ಏರಿಸಿ ಸಲ ಇಳಿಸಿದರು. ಸೊರಗಿದ ತೊಡೆಗಳಿಗೆ ಬೇಗ ಬಲ ಬಂತು. 1945ರಲ್ಲಿ ಅದನ್ನು ಪ್ರಕಟಿಸಿದರು. 1948ರಲ್ಲಿ ವಾಟ್ಕಿನ್ಸ್ ಎಂಬ ಇನ್ನೊಬ್ಬ ವೈದ್ಯರ ಜೊತೆ ಸೇರಿ ಕ್ರಮವನ್ನು ಇನ್ನೂ ಸರಳ ಮಾಡಿದರು. ಒಬ್ಬ ವ್ಯಕ್ತಿ ಸರಿಯಾಗಿ 10 ಸಲ ಎತ್ತಬಲ್ಲ ತೂಕ ಯಾವುದೆಂದು ಮೊದಲು ನೋಡುವುದು. ಅದರ ಅರ್ಧ ತೂಕದಲ್ಲಿ 10, ಮುಕ್ಕಾಲು ತೂಕದಲ್ಲಿ 10, ಪೂರ್ತಿ ತೂಕದಲ್ಲಿ 10. ವಾರಕ್ಕೊಮ್ಮೆ ಆ '10 ಸಲದ ತೂಕ'ವನ್ನು ಮತ್ತೆ ಅಳೆದು ನೋಡುವುದು. ಇವತ್ತು ಪಿ.ಜೆ. ಬಡಾವಣೆಯಿಂದ ಹಿಡಿದು ಚಿತ್ರದುರ್ಗದ ಕೋಟೆ ರಸ್ತೆಯವರೆಗೆ ಯಾವ ಜಿಮ್‌ಗೆ ಹೋದರೂ 'ಮೂರು ಸೆಟ್, ಹತ್ತು ಹತ್ತು' ಎನ್ನುವುದು ಕೇಳಿಸುತ್ತದಲ್ಲ, ಅದರ ಬೇರು ಅಲ್ಲಿದೆ. ಮೂರು ಸೆಟ್ಟನ್ನು ಎಲ್ಲರೂ ಉಳಿಸಿಕೊಂಡರು. ವಾರಕ್ಕೊಮ್ಮೆ ಅಳೆಯುವುದನ್ನು ಬಿಟ್ಟರು. ಟ್ರೈನರ್‌ನ ಕಸುಬು ಇರುವುದೇ ಆ ಅಳತೆಯಲ್ಲಿ.

ಆದ್ದರಿಂದ ಹನ್ನೆರಡು ಜನಕ್ಕೂ ಒಂದೊಂದು ಪುಸ್ತಕ ಇಡಿ. ಮೊಬೈಲ್ ಆಪ್ ಬೇಡ ಎನ್ನುವುದಿಲ್ಲ, ಆದರೆ ಕಾಗದದ ಪುಸ್ತಕವನ್ನು ಕಸ್ಟಮರ್ ಕೈಗೆ ಕೊಡಬಹುದು, ಅವರೇ ಹಿಂದಿನ ಪುಟ ತಿರುವಿ ನೋಡುತ್ತಾರೆ. ಆ ತಿರುವಿ ನೋಡುವ ಕ್ಷಣಕ್ಕೆ ತುಂಬಾ ಬೆಲೆಯಿದೆ. 'ಡಿಫರೆನ್ಸ್ ಕಾಣ್ತಿಲ್ಲ' ಎಂದು ಬಿಟ್ಟುಹೋದವರು ಕನ್ನಡಿಯಲ್ಲಿ ಹುಡುಕುತ್ತಿದ್ದರು. ಮೊದಲ ಕೆಲವು ವಾರ ಕನ್ನಡಿಯಲ್ಲಿ ಕಾಣುವಂಥದ್ದು ಹೆಚ್ಚೇನೂ ಇರುವುದಿಲ್ಲ. ಆ ಹೊತ್ತಿನಲ್ಲಿ ಬಲ ಏರುವುದು ಮುಖ್ಯವಾಗಿ ನರಗಳ ಕಡೆಯಿಂದ: ಇರುವ ಸ್ನಾಯುವನ್ನೇ ಮೆದುಳು ಹೆಚ್ಚು ಚೆನ್ನಾಗಿ ಕೆಲಸಕ್ಕೆ ಹಚ್ಚಲು ಕಲಿಯುತ್ತದೆ. ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು 1979ರಲ್ಲೇ ಇದನ್ನು ತೋರಿಸಿದ್ದಾರೆ. ಸ್ನಾಯು ದಪ್ಪವಾಗುವುದರ ಪಾಲು ಆಮೇಲಾಮೇಲೆ ಹೆಚ್ಚುತ್ತದೆ. ಸೇರಿದ ದಿನವೇ ಈ ಮಾತನ್ನು ಕಸ್ಟಮರ್‌ಗೆ ಬಿಡಿಸಿ ಹೇಳಿ. 'ಮೊದಲ ಎರಡು ತಿಂಗಳು ಪುಸ್ತಕ ನೋಡಣ ಸರ್, ಕನ್ನಡಿ ಆಮೇಲೆ ನೋಡಣ' ಎಂದರೆ ಸಾಕು.

ವ್ಯಾಯಾಮ ಯಾವುವು ಎನ್ನುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕೂತು ಏಳುವ ಒಂದು, ಸೊಂಟದಿಂದ ಬಾಗಿ ಎತ್ತುವ ಒಂದು, ತಳ್ಳುವ ಒಂದು, ಎಳೆಯುವ ಒಂದು, ತೂಕ ಹಿಡಿದು ನಡೆಯುವ ಒಂದು. ಹೊಸಬರಿಗೆ ವಾರಕ್ಕೆ ಮೂರು ದಿನ ಇವೇ ಐದು ಸಾಕು. ಎಂಟು ವಾರ ಬದಲಿಸಬೇಡಿ. ಸೋಮವಾರ ಎದೆ, ಮಂಗಳವಾರ ಬೆನ್ನು ಎಂದು ಹಂಚುವುದು ದೇಹದಾರ್ಢ್ಯ ಸ್ಪರ್ಧೆಗೆ ತಯಾರಾಗುವವರಿಗೆ ಸರಿಹೋದೀತು. ವಾರಕ್ಕೆ ಮೂರೇ ದಿನ ಬರುವ, ಅದರಲ್ಲೂ ಒಂದು ದಿನ ಮದುವೆ ಮುಂಜಿ ಎಂದು ತಪ್ಪಿಸುವ ಅಂಗಡಿ ಮಾಲೀಕರಿಗೆ ಹಾಗೆ ಹಂಚಿದರೆ ಒಂದೊಂದು ಸ್ನಾಯುವಿನ ಸರದಿ ಹತ್ತು ಹದಿನೈದು ದಿನಕ್ಕೊಮ್ಮೆ ಬರುತ್ತದೆ. ಪ್ರತಿ ಸ್ನಾಯುವಿಗೂ ವಾರದಲ್ಲಿ ಎರಡು ಸಲವಾದರೂ ಕೆಲಸ ಸಿಗುವಂತೆ ನೋಡಿಕೊಳ್ಳಿ.

ಈಗ ತೂಕದ ಪ್ರಶ್ನೆಗೆ ಬರೋಣ. ಒಂದು ಪುಟವನ್ನು ಬಿಡಿಸಿ ತೋರಿಸುತ್ತೇನೆ. ನಲವತ್ತು ದಾಟಿದ ಗೃಹಿಣಿಯೊಬ್ಬರು, ಒಂದೇ ಡಂಬಲ್ ಎದೆಗೆ ಆನಿಸಿ ಹಿಡಿದು ಸ್ಕ್ವಾಟ್ (ಕೂತು ಏಳುವುದು). ಅವರ ಗುರಿ 8ರಿಂದ 12 ರೆಪ್ಸ್ (ಎತ್ತುವ ಸಲ), ಮೂರು ಸೆಟ್. ಮೊದಲ ದಿನ 7.5 ಕೆಜಿಗೆ 10, 9, 8 ಬಂತು ಎಂದಿಟ್ಟುಕೊಳ್ಳಿ. ಬರೆಯಿರಿ. ಮುಂದಿನ ಸಲ ತೂಕ ಅದೇ, ಕೇಳುವುದು ಒಂದೆರಡು ರೆಪ್ಸ್ ಹೆಚ್ಚು: 10, 10, 9. ಹೀಗೆ ಒಂದೊಂದೇ ಸೇರುತ್ತಾ 12, 12, 12 ಆದ ದಿನ ಆ ತೂಕದ ಕೆಲಸ ಮುಗಿಯಿತು. ಮುಂದಿನ ದಿನ 10 ಕೆಜಿ. ರೆಪ್ಸ್ ಮತ್ತೆ 9, 8, 8ಕ್ಕೆ ಇಳಿಯುತ್ತದೆ, ಅವರ ಮುಖವೂ ಸ್ವಲ್ಪ ಸಣ್ಣದಾಗುತ್ತದೆ. ಆಗ ಹಳೇ ಪುಟ ತೆಗೆದು ಲೆಕ್ಕ ಹಾಕಿ ತೋರಿಸಿ: ಮೊದಲ ದಿನ ಮೂರು ಸೆಟ್ ಕೂಡಿ ಎತ್ತಿದ್ದು 202.5 ಕೆಜಿ, ಇವತ್ತು 250 ಕೆಜಿ. ಇನ್ನೊಂದು ಲೆಕ್ಕವೂ ನಿಮ್ಮ ಕೈಲಿರಲಿ. ತೂಕವನ್ನು ರೆಪ್ಸ್‌ನಿಂದ ಗುಣಿಸಿ, 30ರಿಂದ ಭಾಗಿಸಿ, ಬಂದದ್ದನ್ನು ಮೂಲ ತೂಕಕ್ಕೆ ಕೂಡಿಸಿದರೆ ಒಂದೇ ಸಲ ಎತ್ತಬಲ್ಲ ಗರಿಷ್ಠ ತೂಕದ ಅಂದಾಜು ಸಿಗುತ್ತದೆ. 60 ಕೆಜಿಯನ್ನು 10 ಸಲ ಎತ್ತಿದವರಿಗೆ ಅದು 80 ಕೆಜಿ. ರೆಪ್ಸ್ 10ರ ಒಳಗಿದ್ದಾಗ ಈ ಅಂದಾಜು ಪರವಾಗಿಲ್ಲ, ಮೇಲೆ ಹೋದಷ್ಟೂ ತಪ್ಪುತ್ತದೆ. ಇದು ಕೈಲಿದ್ದರೆ ಹೊಸಬರ ಮೈಮೇಲೆ ಗರಿಷ್ಠ ತೂಕ ಹೇರಿ ಪರೀಕ್ಷೆ ಮಾಡುವ ಅಗತ್ಯವೇ ಬೀಳುವುದಿಲ್ಲ.

ಏರಿಕೆ ಎಷ್ಟು ಎನ್ನುವುದಕ್ಕೆ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನ 2009ರ ಮಾರ್ಗಸೂಚಿ 2ರಿಂದ 10 ಶೇಕಡಾ ಎನ್ನುತ್ತದೆ. ಇಲ್ಲಿ ನಮ್ಮ ಜಿಮ್‌ಗಳಲ್ಲಿ ಒಂದು ತೊಂದರೆ ಎದುರಾಗುತ್ತದೆ. ಡಂಬಲ್ಸ್ ಸಾಮಾನ್ಯವಾಗಿ ಎರಡೂವರೆ ಕೆಜಿ ಅಂತರದಲ್ಲಿ ಇರುತ್ತವೆ. ಸ್ಕ್ವಾಟ್‌ನಲ್ಲಿ ಮೈತೂಕವೂ ಸೇರುವುದರಿಂದ ಮೇಲಿನ ಗೃಹಿಣಿಗೆ ಆ ಏರಿಕೆ ನಡೆಯುತ್ತದೆ. 60 ಕೆಜಿ ಡೆಡ್‌ಲಿಫ್ಟ್ (ನೆಲದಿಂದ ರಾಡ್ ಎತ್ತುವುದು) ಮಾಡುವವರಿಗೆ ಎರಡೂವರೆ ಕೆಜಿ ಸೇರಿಸಿದರೆ 4 ಶೇಕಡಾ ಚಿಲ್ಲರೆ. ಭುಜದ ಮೇಲಕ್ಕೆ 5 ಕೆಜಿ ತಳ್ಳುವ ಹೆಣ್ಣುಮಗಳನ್ನು 7.5ಕ್ಕೆ ಕಳಿಸಿದರೆ ಒಂದೇ ಏಟಿಗೆ 50 ಶೇಕಡಾ! ಅವರಿಗೆ ಆಗುವುದಿಲ್ಲ, ಸೊಂಟ ಹಿಂದಕ್ಕೆ ಬಾಗಿಸಿ ಹೇಗೋ ಎತ್ತುತ್ತಾರೆ, ನೀವು ಫಾರ್ಮ್ ತಪ್ಪಿತು ಎನ್ನುತ್ತೀರಿ. ತಪ್ಪು ಫಾರ್ಮ್‌ನದಲ್ಲ, ನೆಗೆತದ್ದು. ಇಂಥ ಸಣ್ಣ ಎತ್ತುಗಳಲ್ಲಿ 12ಕ್ಕೆ ನಿಲ್ಲಿಸದೆ 15, 16ರವರೆಗೆ ರೆಪ್ಸ್ ಏರಿಸಿ ಆಮೇಲೆ ತೂಕ ಬದಲಿಸಿ. ಅರ್ಧ ಕೆಜಿ, ಒಂದು ಕೆಜಿಯ ರಿಸ್ಟ್ ವೇಟ್ ಸಿಗುತ್ತವೆ, ಮಣಿಕಟ್ಟಿಗೆ ಸುತ್ತಿದರೆ ನಡುವಿನ ಮೆಟ್ಟಿಲು ಸಿಕ್ಕಂತಾಯಿತು. ಓನರ್‌ಗೆ ಹೇಳಿ ಒಂದೆರಡು ಜೊತೆ ತರಿಸಿ, ಹೊಸ ಮಷಿನ್‌ಗಿಂತ ಇದರಿಂದ ಆಗುವ ಉಪಯೋಗ ದೊಡ್ಡದು.

ಸೆಟ್ ಮುಗಿದ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ: 'ಇನ್ನೂ ಎಷ್ಟು ಆಗ್ತಿದ್ವು?' ಎರಡೋ ಮೂರೋ ಆಗುತ್ತಿತ್ತು ಎಂದರೆ ತೂಕ ಸರಿಯಿದೆ. 'ಇನ್ನೂ ಎಂಟು ಹತ್ತು ಆಗ್ತಿತ್ತೇಳಪ್ಪ' ಎಂದರೆ ಆ ಸೆಟ್ ವಾರ್ಮ್ ಅಪ್ ಅಷ್ಟೇ. ಹೊಸಬರು ಇದನ್ನು ಸರಿಯಾಗಿ ಅಂದಾಜು ಮಾಡಲಾರರು, ತಮ್ಮ ಶಕ್ತಿಯನ್ನು ಕಡಿಮೆ ಹೇಳುವವರೇ ಹೆಚ್ಚು. ಹಾಗಾಗಿ ಬಾಯಿಮಾತಿನ ಜೊತೆ ವೇಗವನ್ನೂ ನೋಡಿ. ಮೇಲೆತ್ತುವ ವೇಗ ತಾನಾಗಿ ನಿಧಾನವಾಗತೊಡಗಿತು ಎಂದರೆ ಕೊನೆ ಹತ್ತಿರ ಬಂತು ಎಂದರ್ಥ. ಸ್ನಾಯು ದಪ್ಪವಾಗಲು ತುಂಬಾ ಭಾರವೇ ಬೇಕೆಂದಿಲ್ಲ, ಹಗುರ ತೂಕದಲ್ಲೂ ಆ ಕೊನೆಯ ಹತ್ತಿರಕ್ಕೆ ಹೋದರೆ ಬೆಳೆಯುತ್ತದೆ. ಬಲಕ್ಕೆ ಮಾತ್ರ ಭಾರವೇ ಬೇಕು. ಸೆಟ್‌ಗಳ ನಡುವೆ ಎರಡು ನಿಮಿಷ ಕೂರಿಸಿ. ಆ ಎರಡು ನಿಮಿಷ ಸುಮ್ಮನಿದ್ದರೆ ಓನರ್‌ಗೆ ಕಷ್ಟವಾಗುತ್ತದೆ ಎಂದು ನನಗೆ ಗೊತ್ತು. ಕಾಲಿನ ಸೆಟ್ ಆದ ಮೇಲೆ ಎಳೆಯುವ ವ್ಯಾಯಾಮದ ಒಂದು ಸೆಟ್ ಸೇರಿಸಿ, ಕಾಲು ಸುಧಾರಿಸಿಕೊಳ್ಳುವಷ್ಟರಲ್ಲಿ ಬೆನ್ನಿನ ಕೆಲಸ ಆಗಿರುತ್ತದೆ.

ಫಾರ್ಮ್ ತಿದ್ದುವ ವಿಷಯದಲ್ಲಿ ನಮ್ಮ ಟ್ರೈನರ್‌ಗಳು ಮಾತಾಡುವುದು ಹೆಚ್ಚು, ನೋಡುವುದು ಕಡಿಮೆ. 'ಬೆನ್ನು ನೇರ, ಎದೆ ಮೇಲೆ, ಮಂಡಿ ಹೊರಗೆ, ಉಸಿರು ಬಿಡಿ, ಕೆಳಗೆ ನೋಡಬೇಡಿ' ಎಂದು ಒಂದೇ ಉಸಿರಲ್ಲಿ ಐದು ಹೇಳಿದರೆ ಹೆಗಲ ಮೇಲೆ ರಾಡ್ ಹೊತ್ತವರು ಯಾವುದನ್ನು ಹಿಡಿಯಬೇಕು? ಮೊದಲ ಸೆಟ್ ಪೂರ್ತಿ ಬಾಯಿ ಮುಚ್ಚಿ ನೋಡಿ. ಎದುರಿಗೆ ನಿಂತು ನೋಡಿದರೆ ಬೆನ್ನು ಕಾಣುವುದಿಲ್ಲ, ಪೂರ್ತಿ ಪಕ್ಕದಿಂದ ನೋಡಿದರೆ ಮಂಡಿ ಒಳಗೆ ಬೀಳುವುದು ಕಾಣುವುದಿಲ್ಲ. ಓರೆಯಾಗಿ ಮುಂಭಾಗದ ಮೂಲೆಯಲ್ಲಿ ನಿಲ್ಲಿ. ಎಲ್ಲಕ್ಕಿಂತ ದೊಡ್ಡ ತೊಂದರೆ ಯಾವುದೋ ಅದೊಂದನ್ನು ಆರಿಸಿ, ಸೆಟ್ ಮುಗಿದ ಮೇಲೆ ಹೇಳಿ.

ಹೇಳುವ ರೀತಿಯೂ ಮುಖ್ಯ. ಗ್ಯಾಬ್ರಿಯೆಲ್ ವುಲ್ಫ್ ಎಂಬ ಸಂಶೋಧಕಿ 1990ರ ದಶಕದ ಕೊನೆಯಿಂದ ಇದರ ಬಗ್ಗೆ ಸಾಕಷ್ಟು ಪ್ರಯೋಗ ನಡೆಸಿದ್ದಾರೆ. ಕಲಿಯುವವರ ಗಮನ ತಮ್ಮ ಕೈಕಾಲಿನ ಒಳಗಿರುವುದಕ್ಕಿಂತ ಹೊರಗಿನ ವಸ್ತುವಿನ ಮೇಲೆ, ಫಲಿತಾಂಶದ ಮೇಲೆ ಇದ್ದರೆ ಚಲನೆ ಚೆನ್ನಾಗಿ ಕೂಡಿಬರುತ್ತದೆ ಎನ್ನುವುದು ಅವುಗಳ ಸಾರ. 'ತೊಡೆಯ ಸ್ನಾಯು ಬಿಗಿ ಮಾಡ್ರಿ' ಎನ್ನುವ ಬದಲು 'ನೆಲಾನ ಕೆಳಗೆ ತುಳೀರಿ' ಎನ್ನಿ. ಮಂಡಿ ಒಳಗೆ ಬೀಳುತ್ತಿದ್ದರೆ 'ಮಂಡೀನ ಎರಡೂ ಕಡೆ ಗೋಡೆ ಕಡೆಗೆ ತೋರ್ಸಿ'.

ಒಂದು ಉದಾಹರಣೆ ಹೇಳುತ್ತೇನೆ. ಐವತ್ತು ದಾಟಿದ ಅಮ್ಮನೊಬ್ಬರು ಮೊದಲ ದಿನ ಸ್ಕ್ವಾಟ್‌ಗೆ ನಿಂತಿದ್ದರು. 'ಕೂರ್ರಿ' ಎಂದರೆ ಸೊಂಟ ಅಲುಗುತ್ತಿರಲಿಲ್ಲ, ಬರೀ ಮಂಡಿ ಮುಂದೆ ಹೋಗಿ ಹಿಮ್ಮಡಿ ಏಳುತ್ತಿತ್ತು. ಹಿಂದೆ ಒಂದು ಬೆಂಚ್ ಇಟ್ಟು, ಕೈಗೆ 5 ಕೆಜಿ ಪ್ಲೇಟ್ ಕೊಟ್ಟು ಮುಂದಕ್ಕೆ ಚಾಚಿಸಿ, 'ಅಮ್ಮಾ, ಬೆಂಚು ಎಲ್ಲೈತಿ ಅಂತ ತಿರುಗದಂಗೆ ಹುಡುಕ್ರಿ' ಎಂದೆ. ಸೊಂಟ ತಾನಾಗಿ ಹಿಂದೆ ಹೋಯಿತು, ಮುಂದಿನ ತೂಕ ಸಮತೋಲಕ್ಕೆ ಬಂತು, ಹಿಮ್ಮಡಿ ನೆಲ ಕಚ್ಚಿತು. ಒಂದೇ ಒಂದು ಅಂಗದ ಹೆಸರು ಹೇಳಬೇಕಾಗಲಿಲ್ಲ. ನೆಲದ ಮೇಲೆ ಕೂತು ರೊಟ್ಟಿ ಬಡಿದು, ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಿ ಬೆಳೆದವರ ಮೈಗೆ ಆಳವಾಗಿ ಕೂರುವುದು ಗೊತ್ತಿರುತ್ತದೆ, ಅದನ್ನು ನೆನಪಿಸಿದರೆ ಸಾಕಾಗುತ್ತದೆ. ಮುಟ್ಟಿ ತಿದ್ದಬೇಕಾಗಿ ಬಂದರೆ ಕೇಳಿ ಮುಟ್ಟಿ, ಹೆಣ್ಣುಮಕ್ಕಳಿಗಂತೂ ಬೆಂಚು, ಕೋಲು, ಗೋಡೆಗಳೇ ನಿಮ್ಮ ಕೈಯಾಗಲಿ.

ಹಾಗೆಯೇ ಒಂದು ಹಳೇ ನಿಯಮವನ್ನು ಕೈಬಿಡಿ: ಮಂಡಿ ಕಾಲ್ಬೆರಳು ದಾಟಲೇಬಾರದು ಎನ್ನುವುದು. ಉದ್ದ ತೊಡೆಯಿದ್ದವರಿಗೆ ಪೂರ್ತಿ ಕೂರುವಾಗ ಅದು ದಾಟುವುದೇ ಸಹಜ. 2003ರ ಒಂದು ಅಧ್ಯಯನದಲ್ಲಿ ಮಂಡಿಗೆ ಅಡ್ಡ ಹಲಗೆಯಿಟ್ಟು ತಡೆದಾಗ ಮಂಡಿಯ ಹೊರೆ ಒಂದಷ್ಟು ಇಳಿಯಿತು, ಆದರೆ ಸೊಂಟದ ಕೀಲಿನ ಮೇಲಿನ ಹೊರೆ ಅದಕ್ಕಿಂತ ಎಷ್ಟೋ ಪಾಲು ಏರಿತು, ಬೆನ್ನೂ ಹೆಚ್ಚು ಬಾಗಿತು. ಹಿಮ್ಮಡಿ ನೆಲದ ಮೇಲಿದ್ದು ನೋವಿಲ್ಲದಿದ್ದರೆ ದಾಟಲಿ ಬಿಡಿ.

ಇನ್ನು ನಿಮ್ಮ 58 ವರ್ಷದವರು. ಭಯ ಇರುವುದು ಒಳ್ಳೆಯದೇ, ಆದರೆ ಆ ಭಯದಿಂದ ಅವರನ್ನು ಟ್ರೆಡ್‌ಮಿಲ್ ಮೇಲೆ ಹತ್ತಿಸಿ ಬಿಟ್ಟರೆ ಅವರಿಗೆ ಹೆಚ್ಚು ಬೇಕಾದದ್ದನ್ನೇ ತಪ್ಪಿಸಿದಂತೆ. 1990ರಲ್ಲಿ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಬಾಸ್ಟನ್‌ನಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರ ಹತ್ತು ಜನರಿಗೆ ಎಂಟು ವಾರ ತೊಡೆಯ ತೂಕ ತರಬೇತಿ ಕೊಟ್ಟರು, ಅದೂ ಗರಿಷ್ಠ ತೂಕದ 80 ಶೇಕಡಾದವರೆಗೆ ಏರಿಸಿ. ಅವರ ಸರಾಸರಿ ವಯಸ್ಸು 90. ಕಾರ್ಯಕ್ರಮ ಮುಗಿಸಿದವರ ಬಲ ಸರಾಸರಿ 174 ಶೇಕಡಾ ಏರಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಎಲ್ಲ ವಯಸ್ಕರಿಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆನ್ನುತ್ತದೆ. 58 ಯಾವ ಲೆಕ್ಕವೂ ಅಲ್ಲ.

ಮೊದಲ ದಿನ ತೂಕ ಮುಟ್ಟಿಸದೆ ಕೂರಿಸಿ ಕೇಳಿ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆನೋವು ಬರುತ್ತದಾ? ತಲೆ ಸುತ್ತುವುದು, ಎಚ್ಚರ ತಪ್ಪುವುದು ಆಗಿದೆಯಾ? ಯಾವ ಯಾವ ಮಾತ್ರೆ, ಎಷ್ಟು ಹೊತ್ತಿಗೆ? ಸಕ್ಕರೆ ಕಾಯಿಲೆ ಇದೆಯಾ? ಆಪರೇಷನ್ ಏನಾದರೂ? ಡಾಕ್ಟರ್ ಹತ್ತಿರ ಹೋಗಿ, 'ತೂಕದ ವ್ಯಾಯಾಮ ಶುರು ಮಾಡುತ್ತೇನೆ, ಅಡ್ಡಿಯಿದೆಯಾ' ಎಂದು ಕೇಳಿ ಚೀಟಿ ಬರೆಸಿಕೊಂಡು ಬರಲಿ. ಜಿಮ್‌ನಲ್ಲಿ ಒಂದು ಬಿಪಿ ಮೀಟರ್ ಇರಲಿ. ವಿಶ್ರಾಂತಿಯಲ್ಲಿ ಅಳೆದಾಗ 180/110 ದಾಟಿದ್ದರೆ ಆ ದಿನ ತೂಕ ಇಲ್ಲ, ಡಾಕ್ಟರ್ ಹತ್ತಿರ ಕಳಿಸಿ.

ಉಸಿರು ಬಿಗಿಹಿಡಿಯುವುದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 1985ರಲ್ಲಿ ಮೆಕ್‌ಡೂಗಲ್ ಮತ್ತು ಸಂಗಡಿಗರು ದೇಹದಾರ್ಢ್ಯ ಪಟುಗಳ ತೋಳಿನ ರಕ್ತನಾಳದೊಳಗೇ ನಳಿಕೆ ಇಟ್ಟು, ಭಾರದ ಲೆಗ್ ಪ್ರೆಸ್ (ಕಾಲಿನಿಂದ ತೂಕ ತಳ್ಳುವುದು) ಮಾಡಿಸಿ ರಕ್ತದ ಒತ್ತಡ ಅಳೆದರು. ಏರಿದ ಒತ್ತಡ ಸರಾಸರಿ 320/250 ಮುಟ್ಟಿತ್ತು. ಅವರು ಆರೋಗ್ಯವಂತ ಯುವಕರು, ಕ್ಷಣಮಾತ್ರ ಏರಿ ಇಳಿಯಿತು. ಆ ಏರಿಕೆಯಲ್ಲಿ ಉಸಿರು ಬಿಗಿಹಿಡಿದು ಮುಕ್ಕಿ ತಳ್ಳುವುದರ ಪಾಲು ದೊಡ್ಡದು, ಸುಸ್ತಾದ ಮೇಲಿನ ಕೊನೆಯ ರೆಪ್ಸ್‌ನಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಬಿಪಿ ಇರುವವರಿಗೆ ಎತ್ತುವಾಗ ಉಸಿರು ಬಿಡಿಸಿ, ಇಳಿಸುವಾಗ ತೆಗೆದುಕೊಳ್ಳಲಿ. ರೆಪ್ಸ್ ಎಣಿಕೆ ಅವರೇ ಬಾಯಿಬಿಟ್ಟು ಎಣಿಸಲಿ, ಮಾತಾಡುವವರಿಗೆ ಉಸಿರು ಬಿಗಿಹಿಡಿಯಲು ಆಗುವುದಿಲ್ಲ. ಇನ್ನೂ ನಾಲ್ಕು ರೆಪ್ಸ್ ಆಗುತ್ತವೆ ಎನ್ನುವಾಗಲೇ ನಿಲ್ಲಿಸಿ. ಪ್ಲ್ಯಾಂಕ್‌ನಂಥ ಬಿಗಿದು ಹಿಡಿಯುವ ವ್ಯಾಯಾಮವನ್ನು ಸದ್ಯಕ್ಕೆ ಉದ್ದ ಎಳೆಯಬೇಡಿ. ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರ ಎದೆಬಡಿತ ಏರುವುದೇ ಕಡಿಮೆ, ಹಾಗಾಗಿ ಅವರ ಕೈಗಡಿಯಾರದ ಅಂಕಿ ನಂಬಿ ದುಡಿಸಬೇಡಿ. ಬಿಪಿ ಮಾತ್ರೆಗಳಲ್ಲಿ ಕೆಲವು ಥಟ್ಟನೆ ಎದ್ದಾಗ ತಲೆ ಸುತ್ತಿಸುತ್ತವೆ. ಬೆಂಚಿನಿಂದ ಏಳುವ ಮುಂಚೆ ಒಂದರ್ಧ ನಿಮಿಷ ಕೂರಿಸಿ. ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಬೆಳಗ್ಗೆ ಐದೂವರೆಗೆ ಬರುವವರೂ ಇರುತ್ತಾರೆ. ಏನಾದರೂ ತಿಂದು ಬರಲು ಹೇಳಿ, ಗ್ಲೂಕೋಸ್ ಪೊಟ್ಟಣ ನಿಮ್ಮ ಮೇಜಿನಲ್ಲಿರಲಿ.

ಮಂಡಿ ನೋವಿಗೆ ನಿಮ್ಮಿಂದ ರೋಗನಿರ್ಣಯ ಬೇಡ. ಮಂಡಿ ಊದಿದೆ, ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ, ಥಟ್ಟನೆ ಕುಸಿಯುತ್ತದೆ ಎಂದರೆ ಮೂಳೆ ವೈದ್ಯರ ಹತ್ತಿರ ಕಳಿಸಿ. ಸವೆತ ಎಂದು ಅವರು ಹೇಳಿ ವ್ಯಾಯಾಮಕ್ಕೆ ಒಪ್ಪಿದ್ದರೆ ತೊಡೆಯ ಬಲ ಹೆಚ್ಚಿಸುವುದೇ ಆ ಮಂಡಿಗೆ ಸಿಗುವ ಒಳ್ಳೆಯ ಆಸರೆ. ಎತ್ತರದ ಕುರ್ಚಿಯಿಂದ ಕೂತು ಏಳುವುದರಿಂದ ಶುರು ಮಾಡಿ, ವಾರ ಕಳೆದಂತೆ ಕುರ್ಚಿಯ ಎತ್ತರ ಇಳಿಸಿ, ಆಮೇಲೆ ತೂಕ. ನೋವನ್ನು 10ಕ್ಕೆ ಎಷ್ಟು ಎಂದು ಕೇಳಿ ಬರೆಯಿರಿ. 3ರ ಒಳಗಿದ್ದು, ಮಾರನೇ ಬೆಳಗ್ಗೆ ಹೆಚ್ಚಾಗಿಲ್ಲದಿದ್ದರೆ ಮುಂದುವರಿಸಬಹುದು. ಹೆಚ್ಚಾಗಿದ್ದರೆ ಎತ್ತರ ಏರಿಸಿ, ತೂಕ ಇಳಿಸಿ.

ಓನರ್ ಮಾತಿಗೆ ಬರೋಣ. ಅವರಿಗೆ ಬಾಡಿಗೆ, ಕರೆಂಟ್ ಬಿಲ್ಲಿನ ಚಿಂತೆ ಇದೆ, ಅದನ್ನು ಅರ್ಥ ಮಾಡಿಕೊಳ್ಳಿ. ಕೊನೆಯ ಐದು ನಿಮಿಷ ಸೈಕಲ್ಲೋ ಹಗ್ಗವೋ ಕೊಟ್ಟರೆ ಬೆವರೂ ಬರುತ್ತದೆ, ನಷ್ಟವೇನಿಲ್ಲ. ಆದರೆ ಹೊಸಬರಿಗೆ ಮೊದಲ ದಿನವೇ ನೂರಿನ್ನೂರು ಬಸ್ಕಿ ಹೊಡೆಸುವುದನ್ನು ಯಾರು ಹೇಳಿದರೂ ಮಾಡಬೇಡಿ. ರೂಢಿಯಿಲ್ಲದ ಸ್ನಾಯುವನ್ನು ಹಾಗೆ ಜಜ್ಜಿದರೆ ಅದು ಒಡೆದು, ಒಳಗಿನ ಪದಾರ್ಥ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೊಡೆತ ಬೀಳಬಹುದು. ರಾಬ್ಡೋಮಯೋಲಿಸಿಸ್ ಎನ್ನುತ್ತಾರೆ. ಬಿಸಿಲು, ನೀರು ಕುಡಿಯದಿರುವುದು ಸೇರಿದರೆ ಅಪಾಯ ಹೆಚ್ಚು, ನಮ್ಮ ಮಾರ್ಚ್ ಏಪ್ರಿಲ್ ನಿಮಗೆ ಗೊತ್ತೇ ಇದೆ. ವ್ಯಾಯಾಮ ಮಾಡಿದ ಒಂದೆರಡು ದಿನದಲ್ಲಿ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿ, ಸ್ನಾಯು ಊದಿ, ಕೈಕಾಲು ಮಡಚಲು ಆಗುತ್ತಿಲ್ಲ ಎಂದು ಯಾರಾದರೂ ಫೋನ್ ಮಾಡಿದರೆ 'ರೆಸ್ಟ್ ಮಾಡಿ' ಎನ್ನಬೇಡಿ, ತಡಮಾಡದೆ ಆಸ್ಪತ್ರೆಗೆ ಕಳಿಸಿ.

ಓನರ್‌ಗೆ ಒಪ್ಪಿಸಲು ವಾದ ಬೇಡ. ನಾಲ್ಕು ವಾರಕ್ಕೊಮ್ಮೆ ಪ್ರತಿ ಕಸ್ಟಮರ್ ಜೊತೆ ಐದು ನಿಮಿಷ ಕೂತು ಪುಸ್ತಕ ತೆರೆದು ಮಾತಾಡಿ, ಓನರ್ ಕೂಡ ಪಕ್ಕದಲ್ಲಿರಲಿ. 'ಗ್ಯಾಸ್ ಸಿಲಿಂಡರ್ ಈಗ ಒಬ್ಬಳೇ ಸರಿಸ್ತೀನಿ' ಎಂದು ಕಸ್ಟಮರ್ ಬಾಯಿಂದ ಒಮ್ಮೆ ಕೇಳಿದರೆ ಅವರೇ ಪುಸ್ತಕದ ಖರ್ಚು ಕೊಡುತ್ತಾರೆ. ನಡುವೆ ಎರಡು ಮೂರು ವಾರ ತಪ್ಪಿಸಿಕೊಂಡು ಬಂದವರನ್ನು ಬೈಯಬೇಡಿ. ಅಷ್ಟರಲ್ಲಿ ಬಲ ಹೆಚ್ಚೇನೂ ಇಳಿದಿರುವುದಿಲ್ಲ. 10ರಿಂದ 20 ಶೇಕಡಾ ತೂಕ ಇಳಿಸಿ ಒಂದು ವಾರ ಮಾಡಿಸಿದರೆ ಹಳೇ ಜಾಗಕ್ಕೆ ಬರುತ್ತಾರೆ.

ನೀವು ಕೇಳಿಲ್ಲ, ಆದರೂ ಪ್ರೋಟೀನ್ ಪೌಡರ್ ಬಗ್ಗೆ ಒಂದು ಮಾತು. ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ ಸಾಮಾನ್ಯರಿಗೆ ಹೇಳುವ ಪ್ರೋಟೀನ್ ಪ್ರಮಾಣ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ, 60 ಕೆಜಿಯವರಿಗೆ ಸುಮಾರು 50 ಗ್ರಾಂ. ತೂಕ ಎತ್ತುವವರಿಗೆ 1.2ರಿಂದ 1.6 ಗ್ರಾಂ ಇದ್ದರೆ ಒಳ್ಳೆಯದು, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು. ಬೆಣ್ಣೆದೋಸೆ ತಿಂಡಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಮಂಡಕ್ಕಿ ಮಿರ್ಚಿ ಎಂದಾದರೆ ಅದು ಬರುವುದಿಲ್ಲ, ನಿಜ. ಮೊಳಕೆಕಾಳು ಪಲ್ಯ, ದಪ್ಪ ಬೇಳೆ, ಹುರಿದ ಶೇಂಗಾ, ಹಾಲು ಮೊಸರು, ತಿನ್ನುವವರಿಗೆ ಮೊಟ್ಟೆ, ಇವನ್ನು ಮೂರು ಹೊತ್ತಿಗೂ ಹಂಚಿದರೆ ಬಹಳಷ್ಟು ಜನಕ್ಕೆ ಡಬ್ಬಿಯ ಅಗತ್ಯ ಬೀಳದು. ಕಮಿಷನ್‌ಗಾಗಿ ಡಬ್ಬಿ ಮಾರಬೇಡಿ. ಇಂಜೆಕ್ಷನ್, ಸ್ಟೀರಾಯ್ಡ್ ಮಾತು ನಿಮ್ಮ ಮುಂದೆ ಯಾರೇ ಎತ್ತಿದರೂ ಬೇಡ ಎಂದು ಖಡಾಖಂಡಿತವಾಗಿ ಹೇಳಿ, ಹದಿನೆಂಟು ಇಪ್ಪತ್ತರ ಹುಡುಗರಿಗಂತೂ ಕೂರಿಸಿ ಹೇಳಿ.

ಕೋರ್ಸ್ ಮಾಡಬೇಕಾ ಎಂದು ಕೇಳಿದ್ದೀರಿ. ಮಾಡಿ, ಆದರೆ ಎದುರಿಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿ ಕಲಿಸಿ ತೋರಿಸುವ ಪ್ರಾಯೋಗಿಕ ಪರೀಕ್ಷೆ ಇರುವಂಥದ್ದನ್ನು ಆರಿಸಿಕೊಳ್ಳಿ. ಎರಡು ದಿನದ ಆನ್‌ಲೈನ್ ಪ್ರಮಾಣಪತ್ರಕ್ಕೆ ದುಡ್ಡು ಸುರಿಯಬೇಡಿ. ಅದಕ್ಕೂ ಮುಂಚೆ, ಈ ತಿಂಗಳೇ, ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಳಿಸುವ ತುರ್ತು ಚಿಕಿತ್ಸೆ) ಕಲಿಯಿರಿ. ಹತ್ತಿರದ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ತರಬೇತಿ ಇದೆಯಾ ಎಂದು ಹೋಗಿ ವಿಚಾರಿಸಿ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5 ಸೆಂಟಿಮೀಟರ್ ಆಳಕ್ಕೆ ಒತ್ತುವುದನ್ನು ಗೊಂಬೆಯ ಮೇಲೆ ಕೈಯಾರೆ ಮಾಡಿಯೇ ಕಲಿಯಬೇಕು. ನಿಮ್ಮ ಜೊತೆ ಓನರ್‌ನನ್ನೂ, ಬಾಗಿಲಲ್ಲಿ ಹಾಜರಿ ಬರೆಯುವ ಹುಡುಗನನ್ನೂ ಕರೆದುಕೊಂಡು ಹೋಗಿ. 108 ಮತ್ತು ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗದ ನಂಬರನ್ನು ಕೌಂಟರ್ ಹಿಂದಿನ ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿ.